ಮಿದುಳು ಸೇರಿದ ದುಂಡುಹುಳು ನರತಂತುಗಳನ್ನು ಹಾಳುಮಾಡುವುದು ಹೇಗೆ?

ಪ್ರಶ್ನೆ (ದಕ್ಷಿಣ ಕನ್ನಡದ ಓದುಗ)

ಕಳೆದ ತಿಂಗಳು ನನ್ನ ಸೋದರಮಾವನ ಮಗನಿಗೆ ತಡೆಯಲಾರದ ತಲೆನೋವು ಮತ್ತು ಕತ್ತಿನ ಬಿಗಿತ ಕಾಣಿಸಿಕೊಂಡವು. ಅಂಗಿ ತಾಗಿದರೂ ಎದೆ, ತೋಳುಗಳ ಚರ್ಮ ಉರಿಯುತ್ತಿತ್ತು. ಬೆನ್ನಿನ ನೀರು ತೆಗೆದು ಪರೀಕ್ಷಿಸಿದ ವೈದ್ಯರು ಇದು ಇಯೊಸಿನೊಫಿಲಿಕ್ ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಒಂದು ಬಗೆಯ ಉರಿಯೂತ) ಎಂದರು. ಅದಕ್ಕೂ ಮೊದಲು ಅವನು ಗೆಳೆಯರೊಂದಿಗೆ ಉಡದ ಮಾಂಸವನ್ನು ಅರೆಬೇಯಿಸಿ ತಿಂದಿದ್ದನೆಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಹುಳುವೇ ಕಾರಣವೆಂದ ಮೇಲೆ ಹುಳುವಿನ ಔಷಧಕ್ಕಿಂತ ಮೊದಲು ಸ್ಟೀರಾಯ್ಡ್ ಕೊಟ್ಟದ್ದೇಕೆ? ಹುಳು ನರಗಳನ್ನು ತಿನ್ನುತ್ತದೆಯೇ? ಶಾಲೆಗಳಲ್ಲಿ ಮಾತ್ರೆ ಕೊಡುವ ಜಂತುಹುಳುವೂ ಹೀಗೆ ತಲೆಗೆ ಏರಬಹುದೇ?

ಉತ್ತರ 1 (ಪ್ರಾಣಿಶಾಸ್ತ್ರದ ಅಧ್ಯಾಪಕಿ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಶಾಲೆಯ ಮಾತ್ರೆ ಕರುಳಿನಲ್ಲಿ ನೆಲೆಸುವ ಹುಳುಗಳಿಗೆ. ಅವು ಮಿದುಳಿಗೆ ಹೋಗುವ ಜಾತಿಯವಲ್ಲ. ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಗಂಟು ಕಟ್ಟಿ ಫಿಟ್ಸ್ ತರುವುದುಂಟು, ಆದರೆ ಅದು ಬೇರೆಯೇ ಕಾಯಿಲೆ.

ನೀವು ಹೇಳಿದ ಲಕ್ಷಣಗಳಿಗೂ ಉಡದ ಮಾಂಸಕ್ಕೂ ಹೊಂದುವುದು ಆಂಜಿಯೊಸ್ಟ್ರಾಂಜಿಲಸ್ ಕ್ಯಾಂಟೊನೆನ್ಸಿಸ್ ಎಂಬ ದುಂಡುಹುಳು. ಇದನ್ನು 1935ರಲ್ಲಿ ಚೀನಾದ ಕ್ಯಾಂಟನ್‌ನ ಇಲಿಗಳಲ್ಲಿ ಮೊದಲು ಗುರುತಿಸಲಾಯಿತು. ದೊಡ್ಡ ಹುಳು ಇಲಿಯ ಶ್ವಾಸಕೋಶದ ರಕ್ತನಾಳಗಳಲ್ಲಿರುತ್ತದೆ. ಇಲಿಯ ಹಿಕ್ಕೆಯೊಂದಿಗೆ ಹೊರಬಿದ್ದ ಮರಿಗಳು ಬಸವನಹುಳುಗಳನ್ನು ಸೇರಿ ಬೆಳೆಯುತ್ತವೆ, ಅವನ್ನು ತಿಂದ ಇಲಿಯಲ್ಲಿ ಮಿದುಳಿಗೆ ಹೋಗಿ ಕೆಲವು ವಾರ ಬೆಳೆದು ಮತ್ತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಉಡವೂ ಬಸವನಹುಳುಗಳನ್ನು ತಿನ್ನುವುದರಿಂದ ಮರಿಗಳು ಅದರ ಮಾಂಸದಲ್ಲಿ ಜೀವಂತವಾಗಿಯೇ ಕಾದಿರುತ್ತವೆ. ಮನುಷ್ಯನ ದೇಹದಲ್ಲಿ ಅವು ಮಿದುಳಿನವರೆಗೆ ಬರುತ್ತವೆ, ಸಾಮಾನ್ಯವಾಗಿ ಮುಂದಕ್ಕೆ ಹೋಗಲಾರದೆ ಅಲ್ಲಿಯೇ ಸಾಯುತ್ತವೆ. ತೊಂದರೆಯ ಬಹುಪಾಲು ಇಲ್ಲಿಂದ ಶುರುವಾಗುತ್ತದೆ.

ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಇಂತಹ ಪ್ರಕರಣಗಳು ವರದಿಯಾಗಿವೆ. ಉಡದ ಮಾಂಸ ಮೈಗೆ ಬಲವೆಂಬ ನಂಬಿಕೆ ಇನ್ನೂ ಹೋಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಬೇಟೆಯಾಡುವುದೇ ಅಪರಾಧವೆಂಬುದನ್ನೂ ನಿಮ್ಮ ಹುಡುಗನಿಗೆ ಯಾರಾದರೂ ಹೇಳಬೇಕು.

ಉತ್ತರ 2 (ನರರೋಗ ವಿಭಾಗದ ವೈದ್ಯ)

ಮೇಡಂ ಬರೆದದ್ದಕ್ಕೆ ನರತಂತುಗಳ ವಿಚಾರವನ್ನು ಸೇರಿಸುತ್ತೇನೆ. ಹುಳು ನರಗಳನ್ನು ಆಹಾರವಾಗಿ ತಿಂದು ಮುಗಿಸುತ್ತದೆ ಎಂಬ ಕಲ್ಪನೆ ಸರಿಯಲ್ಲ. ಅದು ಹರಿದಾಡಿದ ದಾರಿಯಲ್ಲಿ ಅಂಗಾಂಶ ಸೀಳುವುದು ನಿಜವಾದರೂ, ಹೆಚ್ಚಿನ ಹಾನಿಯನ್ನು ಮಾಡುವುದು ಹುಳುವಿನ ವಿರುದ್ಧ ನಮ್ಮದೇ ದೇಹ ಕಳುಹಿಸಿದ ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು. ಬೆನ್ನಿನ ನೀರಿನಲ್ಲಿರುವ ಬಿಳಿಕಣಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಇವೇ ಆಗಿದ್ದರೆ ಈ ರೋಗನಿರ್ಣಯಕ್ಕೆ ಬರುತ್ತೇವೆ.

ಈ ಕಣಗಳೊಳಗಿನ ಹರಳುಗಳಲ್ಲಿ ಹುಳುವಿನ ದಪ್ಪ ಚರ್ಮವನ್ನೇ ಘಾಸಿಗೊಳಿಸಬಲ್ಲ ಪ್ರೋಟೀನುಗಳಿವೆ. ಅವು ಸುರಿದಾಗ ಪಕ್ಕದ ನರಕೋಶಗಳಿಗೂ ರಿಯಾಯಿತಿ ಇರುವುದಿಲ್ಲ. ಅವುಗಳಲ್ಲೊಂದರ ಹೆಸರೇ ಇಯೊಸಿನೊಫಿಲ್ ಮೂಲದ ನರವಿಷ ಎಂದಿದೆ. ಇದರ ಸುಳಿವು ಸಿಕ್ಕ ಕಥೆಯೂ ಕುತೂಹಲಕರವಾದದ್ದು. 1930ರ ದಶಕದ ಆರಂಭದಲ್ಲಿ ಗಾರ್ಡನ್ ಎಂಬ ಬ್ರಿಟಿಷ್ ವಿಜ್ಞಾನಿ ಹಾಡ್ಜ್‌ಕಿನ್ ಎಂಬ ಕ್ಯಾನ್ಸರ್‌ನ ರೋಗಿಗಳ ದುಗ್ಧಗ್ರಂಥಿಯ ಸಾರವನ್ನು ಮೊಲಗಳ ಮಿದುಳಿಗೆ ಚುಚ್ಚಿದಾಗ ಅವು ತೂರಾಡತೊಡಗಿದವು. ಕಿರುಮಿದುಳಿನ ಪರ್ಕಿಂಜೆ ಎಂಬ ದೊಡ್ಡ ನರಕೋಶಗಳು ಸತ್ತು, ಅಲ್ಲಿನ ಬಿಳಿಭಾಗ ತೂತುತೂತಾಗಿತ್ತು. ಆ ಗ್ರಂಥಿಗಳಲ್ಲಿ ಹೇರಳವಾಗಿದ್ದ ಇಯೊಸಿನೊಫಿಲ್‌ಗಳೇ ಇದಕ್ಕೆ ಕಾರಣವೆಂದು 1979ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಮಿದುಳಿನ ಬಿಳಿಭಾಗವೆಂದರೆ ಮುಖ್ಯವಾಗಿ ನರತಂತುಗಳ ಕಂತೆಗಳು. ವಿದ್ಯುತ್ ತಂತಿಯ ಮೇಲಿನ ರಬ್ಬರಿನಂತೆ ಬಹಳಷ್ಟು ತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಉರಿಯೂತದ ವೇಳೆ ಹೆಚ್ಚಾಗುವ ಎಂಎಂಪಿ-9 ಎಂಬ ಕಿಣ್ವವು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸಡಿಲಿಸಿ ಇನ್ನಷ್ಟು ಕಣಗಳನ್ನು ಒಳಬಿಡುವುದಲ್ಲದೆ, ಮೈಲಿನ್‌ನ ಮೂಲ ಪ್ರೋಟೀನನ್ನೂ ಕತ್ತರಿಸುತ್ತದೆ. ಹೊದಿಕೆ ಹೋದ ತಂತುವಿನಲ್ಲಿ ಸಂದೇಶ ನಿಧಾನವಾಗುತ್ತದೆ ಅಥವಾ ನಡುವೆಯೇ ನಿಂತುಹೋಗುತ್ತದೆ. ಈ ಹುಳುವಿನ ಸೋಂಕು ತಗುಲಿಸಿದ ಚಿಟ್ಟಿಲಿಗಳ (ಮೌಸ್) ದೃಷ್ಟಿನರದಲ್ಲಿಯೂ ಮೈಲಿನ್ ನಾಶ ಕಂಡುಬಂದಿದೆ. ಚರ್ಮದ ಉರಿಯು ಬೆನ್ನುಹುರಿಯಿಂದ ಹೊರಡುವ ನರಬೇರುಗಳ ಕೆರಳಿಕೆಯೆಂದು ತಿಳಿಯಬಹುದು.

ಸ್ಟೀರಾಯ್ಡ್ ಏಕೆ ಎಂಬುದಕ್ಕೆ ಉತ್ತರ ಇದರಲ್ಲಿಯೇ ಇದೆ. ಹುಳುಗಳನ್ನು ಒಮ್ಮೆಲೇ ಕೊಂದರೆ ಅವುಗಳ ದೇಹದಿಂದ ಸೋರುವ ವಸ್ತುಗಳು ಉರಿಯೂತವನ್ನು ಹೆಚ್ಚಿಸಬಹುದೆಂಬ ಭಯವಿದೆ. ಆದ್ದರಿಂದ ಅಲ್ಬೆಂಡಜೋಲ್ ಎಂಬ ಹುಳುವಿನ ಔಷಧವನ್ನು ಕೊಡುವುದಾದರೂ ಉರಿಯೂತ ತಗ್ಗಿಸುವ ಸ್ಟೀರಾಯ್ಡ್‌ನ ಜೊತೆಯಲ್ಲಿ ಕೊಡುತ್ತೇವೆ. ಎರಡು ವಾರಗಳ ಪ್ರೆಡ್ನಿಸೊಲೊನ್ ಎಂಬ ಸ್ಟೀರಾಯ್ಡ್‌ನಿಂದ ತಲೆನೋವು ಬೇಗ ಇಳಿಯುವುದನ್ನು ಥಾಯ್ಲೆಂಡಿನ ವೈದ್ಯರು ಹೋಲಿಕೆ ಪರೀಕ್ಷೆಯಲ್ಲಿ ತೋರಿಸಿದ್ದಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಲೆನೋವು ಈಗ ಇಲ್ಲ, ಚರ್ಮದ ಉರಿ ಮಾತ್ರ ಉಳಿದಿದೆ. ಹಾಳಾದ ತಂತುಗಳು ಮತ್ತೆ ಸರಿಹೋಗುತ್ತವೆಯೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರಿಗೆ ಅಂಟುತ್ತದೆಯೇ?

ಉತ್ತರ 3 (ನರರೋಗ ವಿಭಾಗದ ವೈದ್ಯ)

ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ಮೈಲಿನ್ ಮಾತ್ರ ಹೋಗಿ ಒಳಗಿನ ಆಕ್ಸಾನ್ (ಸಂದೇಶ ಒಯ್ಯುವ ತಂತು) ಉಳಿದಿದ್ದರೆ ಹೊದಿಕೆ ಸ್ವಲ್ಪಮಟ್ಟಿಗಾದರೂ ಮತ್ತೆ ಬೆಳೆಯುತ್ತದೆ. ಮಿದುಳಿನೊಳಗೆ ಆಕ್ಸಾನೇ ತುಂಡಾಗಿದ್ದರೆ ಅದು ಮತ್ತೆ ಬೆಳೆಯುವ ಸಾಧ್ಯತೆ ತೀರಾ ಕಡಿಮೆ. ಈ ಹುಳುವಿನ ರೋಗಿಗಳಲ್ಲಿ ಬಹುತೇಕರು ಪೂರ್ತಿ ಗುಣವಾಗುತ್ತಾರೆ, ಆದರೆ ಚರ್ಮದ ಉರಿ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದುಂಟು. ಅಮೆರಿಕದ ರಕೂನ್ ಪ್ರಾಣಿಯ ದುಂಡುಹುಳು ಇದಕ್ಕಿಂತ ಕ್ರೂರವಾದದ್ದು: ಅದರ ಮರಿಗಳು ಮಕ್ಕಳ ಮಿದುಳಿನಲ್ಲಿ ಬಿಳಿಭಾಗವನ್ನು ವ್ಯಾಪಕವಾಗಿ ಹಾಳುಮಾಡಿ ಜೀವಮಾನದ ಊನ ಉಳಿಸುತ್ತವೆ. ಅಂತರ್ಜಾಲದಲ್ಲಿ ಅದರ ಚಿತ್ರಗಳನ್ನು ನೋಡಿ ನೀವು ಹೆದರಬೇಕಾಗಿಲ್ಲ.

ಸ್ಟೀರಾಯ್ಡನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಸುಕಾಗುವುದು, ಮುಖ ಒಂದು ಕಡೆಗೆ ವಾಲುವುದು ಅಥವಾ ತಲೆನೋವು ಮರುಕಳಿಸುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಉತ್ತರ 4 (ಪ್ರಾಣಿಶಾಸ್ತ್ರದ ಅಧ್ಯಾಪಕಿ)

ಮಕ್ಕಳ ವಿಷಯದಲ್ಲಿ ಒಂದು ಮಾತು. ಕೇರಳದಲ್ಲಿ ಆಫ್ರಿಕಾದ ದೈತ್ಯ ಬಸವನಹುಳುವಿನ ಹಾವಳಿ ಇರುವೆಡೆ ಮಕ್ಕಳಲ್ಲಿ ಈ ಕಾಯಿಲೆ ಕಾಣಿಸಿಕೊಂಡಿದೆ. ಮಳೆಗಾಲದಲ್ಲಿ ತೋಟ ಅಥವಾ ಬಾವಿಕಟ್ಟೆಯಲ್ಲಿ ಅವನ್ನು ಬರಿಗೈಯಲ್ಲಿ ಹಿಡಿಯಲು ಬಿಡಬೇಡಿ, ಮುಟ್ಟಿದ್ದರೆ ಸೋಪಿನಿಂದ ಕೈ ತೊಳೆಸಿ. ಹಸಿಯಾಗಿ ತಿನ್ನುವ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ತೊಳೆಯಿರಿ, ಏಕೆಂದರೆ ಕಣ್ಣಿಗೆ ಬೀಳದಷ್ಟು ಚಿಕ್ಕ ಬಸವನಹುಳುಗಳು ಎಲೆಗಳ ಸಂದಿಯಲ್ಲಿರುತ್ತವೆ. ಬೇಯಿಸಿದ ಸೊಪ್ಪಿನಿಂದ ಅಪಾಯವಿಲ್ಲ. ಐದು ನಿಮಿಷ ಚೆನ್ನಾಗಿ ಕುದಿಸಿದರೆ ಮರಿಗಳು ಸಾಯುತ್ತವೆ.