ಲ್ಯಾಪ್‌ಟಾಪ್‌ನಿಂದ ಪ್ಲೇಸ್ಟೇಷನ್ 3ಕ್ಕೆ ಹೋಗುವ ವಿಡಿಯೊ ತಡೆದು ತಡೆದು ಓಡುತ್ತಿದೆ: ದೋಷ ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಂದಾಪುರದ ಹತ್ತಿರ. ನಮ್ಮ ತಂದೆಯವರು ಏಳೆಂಟು ವರ್ಷಗಳ ಕಾಲ ಊರಿನ ಹರಕೆ ಆಟಗಳನ್ನು (ಹರಕೆಯಾಗಿ ಆಡಿಸುವ ಯಕ್ಷಗಾನಗಳನ್ನು) ರಾತ್ರಿಯಿಡೀ ಕುಳಿತು ತಮ್ಮ ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿ ಇಟ್ಟಿದ್ದಾರೆ. ಅವೆಲ್ಲ ಎವಿಸಿಎಚ್‌ಡಿ ಎಂಬ ಕ್ಯಾಮ್‌ಕಾರ್ಡರ್ ವಿಡಿಯೊ ರೂಪದ ಎಂಟಿಎಸ್ ಕಡತಗಳಾಗಿದ್ದು, ಈಗ ನನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್‌ನಲ್ಲಿವೆ. ಲ್ಯಾಪ್‌ಟಾಪ್‌ನ ಸಣ್ಣ ಪರದೆಯಲ್ಲಿ ಅವರಿಗೆ ವೇಷಗಳ ಮುಖವರ್ಣಿಕೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಚಾವಡಿಯ ಟಿವಿಗೆ ತಮ್ಮನ ಪ್ಲೇಸ್ಟೇಷನ್ 3 ಜೋಡಿಸಿ, ಲ್ಯಾಪ್‌ಟಾಪ್‌ನಲ್ಲಿ ಡಿಎಲ್‌ಎನ್‌ಎ ಮೀಡಿಯಾ ಸರ್ವರ್ ತಂತ್ರಾಂಶ (ಮನೆಯ ನೆಟ್‌ವರ್ಕ್‌ನಲ್ಲಿ ವಿಡಿಯೊ, ಹಾಡು, ಫೋಟೊಗಳನ್ನು ಬೇರೆ ಸಾಧನಕ್ಕೆ ಕಳಿಸುವಂಥದ್ದು) ಹಾಕಿ, ವೈಫೈ ಮೂಲಕ ತೋರಿಸುವ ಪ್ರಯತ್ನದಲ್ಲಿದ್ದೇನೆ.

ಕಡತಗಳ ಪಟ್ಟಿ ಟಿವಿಯಲ್ಲಿ ಬರುತ್ತದೆ, ಫೋಟೊಗಳು ತೆರೆಯುತ್ತವೆ, ಹಾಡುಗಳು ಸರಾಗವಾಗಿ ಕೇಳುತ್ತವೆ. ತೊಂದರೆ ಇರುವುದು ವಿಡಿಯೊದಲ್ಲಿ ಮಾತ್ರ. ಭಾಗವತರು ನಿಧಾನ ಲಯದ ಪದ ಹಾಡುತ್ತಿರುವಾಗ, ವೇಷಧಾರಿ ಒಂದೆಡೆ ನಿಂತು ಅರ್ಥ ಹೇಳುತ್ತಿರುವಾಗ ಆಗೊಮ್ಮೆ ಈಗೊಮ್ಮೆ ತಡೆಯುತ್ತದೆ. ಆದರೆ ಪ್ರವೇಶದ ಕುಣಿತ ಶುರುವಾಗಿ ಚೆಂಡೆ ಏರಿತೆಂದರೆ ಚಿತ್ರ ನಿಂತು ನಿಂತು ಓಡುತ್ತದೆ, ಚೆಂಡೆಯ ಪೆಟ್ಟು ತುಂಡಾಗುತ್ತದೆ. ಮಂಡಿ ತಿರುಗುವ (ಮಂಡಿಯೂರಿ ಸುತ್ತುವ) ಭಾಗವನ್ನಂತೂ ಒಮ್ಮೆಯೂ ಪೂರ್ತಿ ನೋಡಲು ಆಗಿಲ್ಲ. ಲ್ಯಾಪ್‌ಟಾಪ್ ಮತ್ತು ರೂಟರ್ ಮಹಡಿಯ ಕೋಣೆಯಲ್ಲಿವೆ, ಚಾವಡಿ ಕೆಳಗಿದೆ, ನಡುವೆ ಮುರಕಲ್ಲಿನ ದಪ್ಪ ಗೋಡೆಯಿದೆ. ಇಂಟರ್ನೆಟ್ ನಿಧಾನವಿರಬಹುದೆಂದು 40 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸಿದೆ, ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಹೊಸ ರೂಟರ್ ಕೊಳ್ಳಬೇಕೇ, ಅಥವಾ ಎಲ್ಲ ಕಡತಗಳನ್ನೂ ಸಣ್ಣದಾಗಿ ಪರಿವರ್ತಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ದಯವಿಟ್ಟು ಪ್ಲಾನನ್ನು ಮತ್ತೆ 40ಕ್ಕೆ ಇಳಿಸಿಬಿಡಿ. ನಿಮ್ಮ ವಿಡಿಯೊ ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ರೂಟರ್‌ನಿಂದ ಪ್ಲೇಸ್ಟೇಷನ್‌ಗೆ ಹೋಗುತ್ತದೆಯೇ ಹೊರತು ಮನೆಯ ಹೊಸ್ತಿಲು ದಾಟುವುದೇ ಇಲ್ಲ. ಇಂಟರ್ನೆಟ್ ಪೂರ್ತಿ ಕಡಿದುಹೋಗಿದ್ದರೂ ಅದು ಹೀಗೆಯೇ ಓಡುತ್ತದೆ. ರೂಟರ್‌ಗೆ ಬರುವ ಹೊರಗಿನ ತಂತಿಯನ್ನು ಕಳಚಿ ಒಮ್ಮೆ ನೋಡಿದರೆ ನಿಮಗೇ ಖಚಿತವಾಗುತ್ತದೆ.

ಉತ್ತರ 2

ನೀವು ಬರೆದಿರುವ ಒಂದು ಮಾತಿನಲ್ಲೇ ಅರ್ಧ ಉತ್ತರವಿದೆ: ನಿಂತು ಮಾತಾಡುವಾಗ ಕಡಿಮೆ, ಕುಣಿತದಲ್ಲಿ ಹೆಚ್ಚು. ಎವಿಸಿಎಚ್‌ಡಿ ಕ್ಯಾಮರಾಗಳು ಸಾಮಾನ್ಯವಾಗಿ ಎಲ್ಲ ದೃಶ್ಯಕ್ಕೂ ಒಂದೇ ಅಳತೆಯ ದತ್ತಾಂಶ ಬಳಸುವುದಿಲ್ಲ. ಚಿತ್ರದಲ್ಲಿ ಚಲನೆ ಕಡಿಮೆಯಿದ್ದರೆ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ದತ್ತಾಂಶ) ಇಳಿಯುತ್ತದೆ, ಕೇದಗೆ ಮುಂದಲೆ ಎಂಬ ಶಿರೋಭೂಷಣ ಕಟ್ಟಿದ ವೇಷ ಗಿರ್ರನೆ ತಿರುಗಿದರೆ ಏರುತ್ತದೆ. ಉತ್ತಮ ಗುಣಮಟ್ಟದಲ್ಲಿ ಚಿತ್ರೀಕರಿಸಿದ್ದರೆ ಸರಾಸರಿ ಸೆಕೆಂಡಿಗೆ 17 ಮೆಗಾಬಿಟ್, ಏರಿದಾಗ 24ರವರೆಗೂ ಹೋಗಬಹುದು. ಸರಾಸರಿ 17 ಎಂದರೂ ಗಂಟೆಗೆ ಏಳೂವರೆ ಜಿಬಿಗಿಂತ ಹೆಚ್ಚಾಯಿತು.

ಈಗ ದಾರಿಯನ್ನು ನೋಡೋಣ. ಪ್ಲೇಸ್ಟೇಷನ್ 3ರ ಒಳಗಿರುವ ವೈಫೈ 802.11 ಬಿ ಮತ್ತು ಜಿ ಮಾದರಿಯದು, ಅದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಜಿ ಮಾದರಿಯ ವೇಗ 54 ಮೆಗಾಬಿಟ್ ಎಂದು ಬರೆದಿದ್ದರೂ, ಒಂದೇ ಕೋಣೆಯಲ್ಲಿ ಇಟ್ಟು ಅಳೆದರೂ ಕೈಗೆ ದಕ್ಕುವುದು 20ರಿಂದ 25 ಅಷ್ಟೇ. ಇದರ ಜೊತೆಗೆ, ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ನಿಮ್ಮ ಲ್ಯಾಪ್‌ಟಾಪ್ ಸಹ ಅದೇ 2.4 ಗಿಗಾಹರ್ಟ್ಸ್ ವೈಫೈಯಲ್ಲಿದ್ದರೆ ಪ್ರತಿಯೊಂದು ತುಣುಕೂ ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡಬೇಕು: ಮೊದಲು ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ಆಮೇಲೆ ರೂಟರ್‌ನಿಂದ ಚಾವಡಿಗೆ. ಒಂದೇ ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಾದ್ದರಿಂದ ಇದ್ದಬದ್ದ ವೇಗವೂ ಹಂಚಿಹೋಗುತ್ತದೆ. ಅದರ ಮೇಲೆ ಮುರಕಲ್ಲಿನ ಗೋಡೆ. ಮಳೆಗಾಲದಲ್ಲಿ ಆ ಕಲ್ಲು ನೀರು ಹೀರಿಕೊಂಡಾಗ ಸಿಗ್ನಲ್ ಇನ್ನೂ ಇಳಿಯುತ್ತದೆ.

ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಅಳತೆ ಮಾಡಿ. ವಿಡಿಯೊ ಓಡುತ್ತಿರುವಾಗ ಕಂಟ್ರೋಲರ್‌ನ ಸೆಲೆಕ್ಟ್ ಗುಂಡಿ ಒತ್ತಿದರೆ ಪರದೆಯ ಮೇಲೆ ಆ ಕ್ಷಣದ ಬಿಟ್‌ರೇಟ್ ಮತ್ತು ಕೋಡೆಕ್ (ವಿಡಿಯೊವನ್ನು ಕುಗ್ಗಿಸಿಟ್ಟ ವಿಧಾನ) ಹೆಸರು ಬರುತ್ತದೆ. ಕುಣಿತದ ಭಾಗ ಬರುವವರೆಗೆ ಅದನ್ನು ಹಾಗೆಯೇ ಬಿಟ್ಟು, ಅಂಕಿ ಎಷ್ಟಕ್ಕೆ ಏರಿದಾಗ ತಡೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಮನೆಯವರು ಯಾರಾದರೂ ಮೇಲೆ ಲ್ಯಾಪ್‌ಟಾಪ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಬಳಕೆ ನೋಡಲಿ. ಕೋಡೆಕ್ ನಿಮ್ಮ ಕ್ಯಾಮರಾದ್ದೇ ಆದ ಎವಿಸಿ ಎಂದಿದ್ದು, ಪ್ರೊಸೆಸರ್ ಆರಾಮವಾಗಿದ್ದರೆ ಕಡತ ಇದ್ದ ಹಾಗೆಯೇ ಹೋಗುತ್ತಿದೆ, ದೋಷ ದಾರಿಯದ್ದು. ಎಂಪೆಗ್ 2 ಎಂದು ತೋರಿಸಿ, ಪ್ರೊಸೆಸರ್ ಶೇಕಡಾ 90 ದಾಟಿದ್ದರೆ ಸರ್ವರ್ ತಂತ್ರಾಂಶವು ಸುಮ್ಮಸುಮ್ಮನೆ ಪರಿವರ್ತನೆ ಮಾಡುತ್ತಿದೆ. ಆಗ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಕೋಡಿಂಗ್ (ಈ ಪರಿವರ್ತನೆ) ನಿಲ್ಲಿಸಬೇಕು.

ದೋಷ ದಾರಿಯದ್ದೇ ಎಂದಾದರೆ ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಲ್ಯಾಪ್‌ಟಾಪ್ ಮತ್ತು ರೂಟರ್ ಒಂದೇ ಕೋಣೆಯಲ್ಲಿರುವುದರಿಂದ ಅವೆರಡನ್ನು ನೆಟ್‌ವರ್ಕ್ ಕೇಬಲ್‌ನಿಂದ ಜೋಡಿಸಿ, ಲ್ಯಾಪ್‌ಟಾಪ್‌ನ ವೈಫೈ ಆರಿಸಿ. ಗಾಳಿಯ ಎರಡು ಪ್ರಯಾಣದಲ್ಲಿ ಒಂದು ಅಲ್ಲಿಗೇ ತಪ್ಪಿತು. ರೂಟರ್ ಚಾನೆಲನ್ನು 1, 6, 11 ಈ ಮೂರರಲ್ಲಿ ಅಕ್ಕಪಕ್ಕದ ಮನೆಯವರು ಬಳಸದ ಒಂದಕ್ಕೆ ಇಡಿ, ಏಕೆಂದರೆ ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ಅಡುಗೆಮನೆಯ ಮೈಕ್ರೋವೇವ್ ಒಲೆ ಇದೇ ತರಂಗದಲ್ಲಿ ಕೆಲಸ ಮಾಡುವುದರಿಂದ ಅದು ಓಡುವಾಗ ಪರೀಕ್ಷೆ ಮಾಡಬೇಡಿ.

ಹೊಸ ರೂಟರ್ ಬೇಡವೆಂದೇ ನನ್ನ ಸಲಹೆ. ಎಷ್ಟೇ ದುಬಾರಿಯದು ತಂದರೂ ಪ್ಲೇಸ್ಟೇಷನ್ ಕಡೆಯ ರೇಡಿಯೊ ಹಳೆಯದೇ ಆಗಿರುತ್ತದೆ. ಆ ಹಣದಲ್ಲಿ ಒಂದಿಷ್ಟು ಖರ್ಚು ಮಾಡಿ ಚಾವಡಿಗೆ ಕ್ಯಾಟ್ 5ಇ ಮಾದರಿಯ ನೆಟ್‌ವರ್ಕ್ ಕೇಬಲ್ ಎಳೆಸಿದರೆ ಈ ಸಮಸ್ಯೆ ಬೇರುಸಮೇತ ಹೋಗುತ್ತದೆ. ಆ ಯಂತ್ರದ ಹಿಂದೆ ಗಿಗಾಬಿಟ್ ಕಿಂಡಿಯೇ ಇದೆ. 100 ಮೀಟರ್‌ವರೆಗೆ ಯಾವ ಚಿಂತೆಯೂ ಇಲ್ಲ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಪರಿವರ್ತನೆಯ ಬಗ್ಗೆ ಮಾತ್ರ ಒಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಮೂಲ ಎಂಟಿಎಸ್ ಕಡತಗಳನ್ನು ಅಳಿಸಬೇಡಿ, ಅವುಗಳ ಮೇಲೆಯೇ ಪರಿವರ್ತನೆಯನ್ನೂ ಮಾಡಬೇಡಿ. ಈ ಕ್ಯಾಮರಾಗಳ ಚಿತ್ರ ಹೆಚ್ಚಾಗಿ 1080 ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಸೆಕೆಂಡಿಗೆ 50 ಅರ್ಧಚಿತ್ರಗಳು. ಅಜಾಗರೂಕತೆಯಿಂದ ಪರಿವರ್ತಿಸಿದರೆ ಬೀಸುವ ಕೈ, ತಿರುಗುವ ಕಿರೀಟದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆಗಳು ಮೂಡುತ್ತವೆ; ಅದು ಒಮ್ಮೆ ಕಡತದಲ್ಲಿ ಅಚ್ಚಾದರೆ ಸುಲಭದಲ್ಲಿ ಹೋಗುವುದಿಲ್ಲ. ಇಂಥ ದಾಖಲೆಗಳಲ್ಲಿ ಈಗ ನಮ್ಮೊಡನಿಲ್ಲದ ಕಲಾವಿದರೂ ಇರಬಹುದು. ಮತ್ತೊಂದು ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿಯನ್ನು ಇಂದೇ ಮಾಡಿಡಿ.

ತುರ್ತಾಗಿ ಒಂದು ಆಟ ತೋರಿಸಬೇಕಿದ್ದರೆ ಪೆನ್‌ಡ್ರೈವ್ ಸಾಕು. ಪ್ಲೇಸ್ಟೇಷನ್ 3 ಓದುವುದು ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವನ್ನು ಮಾತ್ರ. ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ. ಕ್ಯಾಮರಾ ತಾನೇ ತುಂಡು ಮಾಡಿಟ್ಟ ಕಡತಗಳಾದರೆ ಈ ತೊಂದರೆ ಬರಲಾರದು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಹೊರಗಿನ ತಂತಿ ಕಳಚಿ ನೋಡಿದೆ. ವಿಡಿಯೊ ಮೊದಲಿನಂತೆಯೇ ತಡೆಯುತ್ತಾ ಓಡಿತು. ಸೆಲೆಕ್ಟ್ ಒತ್ತಿದಾಗ ಎವಿಸಿ ಎಂದೇ ಬಂತು. ಅರ್ಥಗಾರಿಕೆಯಲ್ಲಿ 13, 14ರ ಆಸುಪಾಸಿನಲ್ಲಿದ್ದ ಅಂಕಿ ಕುಣಿತದಲ್ಲಿ 22ಕ್ಕೆ ಜಿಗಿಯಿತು. ತಮ್ಮ ಮೇಲಿನಿಂದ ಕೂಗಿ ಹೇಳಿದ ಪ್ರಕಾರ ಪ್ರೊಸೆಸರ್ ಬಳಕೆ ಶೇಕಡಾ 6 ಮೀರಲಿಲ್ಲ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರ್‌ಗೆ ಜೋಡಿಸಿದ ಕೂಡಲೇ ಪದ ಮತ್ತು ಅರ್ಥದ ಭಾಗಗಳು ಸಂಪೂರ್ಣ ಸರಿಯಾದವು, ಕುಣಿತ ಮಾತ್ರ ಇನ್ನೂ ತಡೆಯುತ್ತಿತ್ತು.

ನಿನ್ನೆ ಮಹಡಿ ಮೆಟ್ಟಿಲಿನ ಬದಿಯಿಂದ, ಮನೆಯ ಒಳಗೇ, 18 ಮೀಟರ್ ಕೇಬಲ್ ಇಳಿಸಿದೆವು. ಕರಾವಳಿಯ ಸಿಡಿಲಿಗೆ ಹೆದರಿ ಕಿಟಕಿಯ ಹೊರಗಿನಿಂದ ತರಲಿಲ್ಲ. ಆ ಮೇಲೆ ಹಾಕಿದ್ದು, ಮೊದಲು ಒಮ್ಮೆಯೂ ಪೂರ್ತಿಯಾಗದ ಅದೇ ಭಾಗವನ್ನು. ತಂದೆಯವರು ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ, ಮಂಡಿ ಎಷ್ಟು ಸುತ್ತು ಬಂತೆಂದು ಎಣಿಸಿದರು. ಎಲ್ಲಿಯೂ ತಾಳ ತಪ್ಪಲಿಲ್ಲ. ಪ್ರತಿ ಮಾಡಲು ಹೊಸ ಹಾರ್ಡ್ ಡಿಸ್ಕ್ ತರಿಸಿದ್ದೇನೆ. ಇಂದು ರಾತ್ರಿ ಅದಕ್ಕೆ ಕೂರುತ್ತೇನೆ.