ಹೆರಿಗೆ ಡಾಕ್ಟರು ಬೇರೆ ವಿಭಾಗದಲ್ಲಿ ಏನು ಕಲಿಯಬೇಕು? ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಪಿಜಿ ಮುಗಿಸುತ್ತಿದ್ದೇನೆ. ಮುಂದೆ ಸಣ್ಣ ಆಸ್ಪತ್ರೆಯಲ್ಲಿ ಕೆಲಸ. ಅದಕ್ಕೂ ಮೊದಲು ಮೂರು ತಿಂಗಳು ಬಿಡುವಿದೆ. ಬೇರೆ ವಿಭಾಗಗಳಲ್ಲಿ ನಿಂತು ಕಲಿಯೋಣ ಅಂತ ಆಸೆ. ಜೊತೆಯವರು ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದಿಂದ ಮಾಡುವ ಆಪರೇಷನ್) ಕೋರ್ಸ್ ಮಾಡು, ಅದೇ ಉಪಯೋಗಕ್ಕೆ ಬರೋದು ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಲ್ಯಾಪ್ರೋಸ್ಕೋಪಿ ಬೇಡ ಅನ್ನಲ್ಲ, ಅದನ್ನು ಆಮೇಲೂ ಕಲಿಯಬಹುದು. ಈ ಮೂರು ತಿಂಗಳಲ್ಲಿ ಅರ್ಧವನ್ನು ಅನಸ್ತೇಶಿಯಾ (ಅರಿವಳಿಕೆ) ಮತ್ತು ಐಸಿಯುಗೆ ಕೊಡಿ. ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ರಕ್ತ ಹೋಗುತ್ತಿರುವ ಬಾಣಂತಿಯ ಪಕ್ಕದಲ್ಲಿ ಇರುವವರು ನೀವೊಬ್ಬರೇ.

ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಜಾಸ್ತಿ ಆಗಿರುತ್ತದೆ. ಹಾಗಾಗಿ ತುಂಬಾ ರಕ್ತ ಹೋಗುವವರೆಗೂ ಬಿಪಿ ಚೆನ್ನಾಗೇ ಕಾಣುತ್ತದೆ. ಅದು ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಮೊದಲು ಏರುವುದು ನಾಡಿ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡಿ. ನಾಡಿ 110, ಬಿಪಿ 100 ಇದ್ದರೆ 1.1 ಬಂತು. 0.9 ದಾಟಿದರೇ ಎಚ್ಚರ ಆಗಬೇಕು. ಇದು ಪುಸ್ತಕದಲ್ಲೂ ಇದೆ. ಆದರೆ ಐಸಿಯುನಲ್ಲಿ ಹತ್ತು ರಾತ್ರಿ ಕಳೆದರೆ ಕಣ್ಣು ತಾನಾಗೇ ಆ ಎರಡು ಅಂಕಿಗಳ ಕಡೆ ಹೋಗುತ್ತದೆ.

ಬಸುರಿಯ ಹೃದಯ ನಿಂತಾಗ ಮಾಡುವ ಕೆಲಸವನ್ನೂ ಅಲ್ಲೇ ಕೈಯಾರೆ ಕಲಿಯಿರಿ. ಗರ್ಭಕೋಶ ಹೊಕ್ಕುಳದ ಮಟ್ಟಕ್ಕೆ ಬಂದಿದ್ದರೆ ಒಬ್ಬರು ಅದನ್ನು ಎಡಕ್ಕೆ ಸರಿಸಿ ಹಿಡಿಯಬೇಕು. ಇಲ್ಲದಿದ್ದರೆ ಎದೆ ಎಷ್ಟು ಒತ್ತಿದರೂ ರಕ್ತ ಹೃದಯಕ್ಕೆ ಸರಿಯಾಗಿ ವಾಪಸ್ ಬರುವುದಿಲ್ಲ. 4 ನಿಮಿಷದಲ್ಲಿ ಹೃದಯ ಮರಳದಿದ್ದರೆ ಮಂಚದ ಮೇಲೇ ಸಿಸೇರಿಯನ್ ಶುರು ಮಾಡಿ, 5ನೇ ನಿಮಿಷಕ್ಕೆ ಮಗು ಹೊರಗೆ ಬರಬೇಕು. ಥಿಯೇಟರಿಗೆ ಸಾಗಿಸಲು ಹೊರಟರೆ ಆ ಹೊತ್ತೇ ಕಳೆದುಹೋಗುತ್ತದೆ.

ಪ್ರಶ್ನೆ (ಇನ್ನೊಬ್ಬರು): ಹೀಗೆ ಎಲ್ಲವನ್ನೂ ಅರ್ಧಂಬರ್ಧ ಕಲಿತರೆ ಅಪಾಯ ಅಲ್ವಾ ಮೇಡಂ? ಹೃದಯಕ್ಕೆ ಹೃದಯದ ಡಾಕ್ಟರು ಇದ್ದಾರಲ್ಲ?

ಉತ್ತರ: ಇದ್ದಾರೆ. ಆದರೆ ಅವರನ್ನು ಕರೆಯಬೇಕು ಅಂತ ನಮಗೆ ಹೊಳೆಯಬೇಕಲ್ಲ. ನನ್ನದೇ ತಪ್ಪು ಹೇಳುತ್ತೇನೆ. ಹೆರಿಗೆಯಾಗಿ ನಾಲ್ಕನೇ ದಿನದ ಬಾಣಂತಿ. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇದ್ದಳು. ಮಲಗಿದರೆ ಕೆಮ್ಮು, ಉಸಿರು ಕಟ್ಟಿದ ಹಾಗೆ ಅಂದಳು. ಸುಸ್ತು, ರಕ್ತ ಕಡಿಮೆ ಅಂದುಕೊಂಡು ಕಬ್ಬಿಣದ ಮಾತ್ರೆ ಬರೆದು ಹೋದೆ. ಬೆಳಿಗ್ಗೆ ಪಕ್ಕದ ಮಂಚದವರನ್ನು ನೋಡಲು ಬಂದ ಫಿಸಿಷಿಯನ್ ಇವಳ ಕತ್ತಿನ ನರ ಉಬ್ಬಿರುವುದನ್ನು ದೂರದಿಂದಲೇ ಕಂಡರು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರು. ಹೃದಯದ ಸ್ನಾಯು ಸೋತಿತ್ತು. ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ. ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾದ 5 ತಿಂಗಳ ತನಕ ಬರಬಹುದಾದ ಕಾಯಿಲೆ. ಅವಳು ಚೇತರಿಸಿಕೊಂಡಳು. ಆ ರಾತ್ರಿ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಎರಡು ವಾರ ಎಕೋ ರೂಮಿನಲ್ಲಿ ಕೂತೆ. ಇವತ್ತಿಗೂ ನಾನು ಎಕೋ ಮಾಡುವುದಿಲ್ಲ, ಅದು ಅವರ ಕೆಲಸ. ಆದರೆ ಪ್ರತಿ ಬಾಣಂತಿಗೂ ‘ಚಪ್ಪಟೆ ಮಲಗಲು ಆಗುತ್ತಾ? ರಾತ್ರಿ ಉಸಿರು ಕಟ್ಟಿ ಎಚ್ಚರ ಆಗುತ್ತಾ?’ ಅಂತ ಕೇಳಿಯೇ ಮುಂದೆ ಹೋಗುತ್ತೇನೆ.

ಯುರಾಲಜಿಯಲ್ಲೂ (ಮೂತ್ರಾಂಗಗಳ ವಿಭಾಗ) ಹಾಗೇ. ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಮೂತ್ರನಾಳ ಗರ್ಭಕೋಶದ ರಕ್ತನಾಳದ ಅಡಿಯಲ್ಲೇ ಹಾದುಹೋಗುತ್ತದೆ, ಗರ್ಭಕೋಶದ ಕಂಠದಿಂದ ಹೆಚ್ಚುಕಡಿಮೆ 2 ಸೆಂ.ಮೀ. ದೂರದಲ್ಲಿ. ಚಿಮಟದಿಂದ ಮೆಲ್ಲಗೆ ಮುಟ್ಟಿದರೆ ಎರೆಹುಳದ ಹಾಗೆ ಮಿಸುಕುತ್ತದೆ. ಯುರಾಲಜಿಸ್ಟ್ ಜೊತೆ ನಿಂತು ಅದನ್ನು ಕಣ್ಣಾರೆ ಕಂಡ ಮೇಲೆ, ಗರ್ಭಕೋಶ ತೆಗೆಯುವಾಗ ಕ್ಲಾಂಪ್ ಹಾಕುವ ಮುಂಚೆ ಕೈ ತಾನಾಗೇ ನಿಲ್ಲುತ್ತದೆ. ನಾಳ ಕತ್ತರಿಸಿ ಹೋದರೆ ಜೋಡಿಸಲು ಅವರನ್ನೇ ಕರೆಯಿರಿ.

ಪ್ರಶ್ನೆ (ಹೆರಿಗೆ ಕೋಣೆಯ ಸಿಸ್ಟರ್): ಮಗು ಹುಟ್ಟಿ ಅಳದಿದ್ದರೆ ಡಾಕ್ಟರು ತಾಯಿಯ ಹತ್ತಿರ ಇರ್ತಾರೆ, ಮಕ್ಕಳ ಡಾಕ್ಟರು ಬರಲು ಹೊತ್ತಾಗುತ್ತೆ. ಈ ತರಬೇತಿ ಯಾರಿಗೆ ಬೇಕು?

ಉತ್ತರ: ಇಬ್ಬರಿಗೂ ಬೇಕು ಸಿಸ್ಟರ್, ಅದೂ ಒಂದೇ ಟೇಬಲ್ಲಿನ ಸುತ್ತ ನಿಂತು. ಒರೆಸಿ, ಬೆನ್ನು ಸವರಿದರೂ ಉಸಿರಾಡದ ಮಗುವಿಗೆ ಮೊದಲ 60 ಸೆಕೆಂಡಿನೊಳಗೆ ಬ್ಯಾಗ್ ಮಾಸ್ಕಿನಿಂದ ಉಸಿರು ಕೊಡಲು ಶುರು ಮಾಡಬೇಕು, ನಿಮಿಷಕ್ಕೆ 40ರಿಂದ 60 ಸಲ. ಕತ್ತು ತೀರಾ ಹಿಂದಕ್ಕೆ ಬಾಗಿದರೂ, ಮುಂದಕ್ಕೆ ಬಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಿದರೆ ಎದೆ ಮೇಲೇಳುವುದಿಲ್ಲ. ಗೊಂಬೆಯ ಮೇಲೆ ಒಂದು ಸಲ ಮಾಡಿದರೆ ಸಾಲದು. ಕೆಲವು ತಿಂಗಳಲ್ಲಿ ಕೈ ಮರೆಯುತ್ತದೆ, ಆಗಾಗ ಮಾಡುತ್ತಿರಬೇಕು.

ಪ್ರಶ್ನೆ (ತುರ್ತು ಚಿಕಿತ್ಸಾ ವಿಭಾಗದ ವೈದ್ಯರು): ನಿಮ್ಮಿಂದ ನಾವು ಏನು ಕಲಿಯಬೇಕು?

ಉತ್ತರ: ಈ ಪ್ರಶ್ನೆ ಬಂದಿದ್ದು ತುಂಬಾ ಖುಷಿ ಡಾಕ್ಟ್ರೇ. ತಲೆನೋವು, ಉಸಿರಾಟದ ತೊಂದರೆ, ಫಿಟ್ಸ್ ಅಂತ ಬಂದ ಹೆಣ್ಣುಮಗಳಿಗೆ ‘ಈಚೆಗೆ ಹೆರಿಗೆ ಆಗಿದೆಯಾ?’ ಅಂತ ಒಂದು ಮಾತು ಕೇಳಿ. ಮಗು ಮನೆಯಲ್ಲಿದ್ದರೆ ಅವಳು ತಾನಾಗಿ ಹೇಳದೆ ಇರಬಹುದು. ಎಕ್ಲಾಂಪ್ಸಿಯಾ (ಬಸಿರಿನ ಬಿಪಿ ಕಾಯಿಲೆಯಿಂದ ಬರುವ ಫಿಟ್ಸ್) ಹೆರಿಗೆಯಾದ ಮೇಲೂ ಬರುತ್ತದೆ. ಅದಕ್ಕೆ ಮೊದಲು ಬೇಕಾದ್ದು ಮೆಗ್ನೀಸಿಯಂ ಸಲ್ಫೇಟ್.

ಪ್ರಶ್ನೆ (ಮೊದಲು ಕೇಳಿದವರು): ಅನಸ್ತೇಶಿಯಾದವರು ಹೊರಗಿನವಳು ಅಂತ ದೂರ ಇಟ್ಟರೆ?

ಉತ್ತರ: ಮೊದಲ ದಿನವೇ ಅವರಿಗೆ ಒಂದು ಪ್ರಶ್ನೆ ಕೇಳಿ: ‘ರಾತ್ರಿ ನಮ್ಮಿಂದ ಫೋನ್ ಬಂದಾಗ ನಾವು ಏನು ಹೇಳದೆ ಬಿಡುತ್ತೇವೆ?’ ನನಗೆ ಸಿಕ್ಕ ಉತ್ತರ: ಎಷ್ಟು ರಕ್ತ ಹೋಗಿದೆ, ಕೊನೆಯದಾಗಿ ಊಟ ಮಾಡಿದ್ದು ಯಾವಾಗ, ಪ್ಲೇಟ್‌ಲೆಟ್ ಎಷ್ಟು. ಅದನ್ನು ಬರೆದು ಹೆರಿಗೆ ಕೋಣೆಯ ಫೋನಿನ ಪಕ್ಕ ಅಂಟಿಸಿದ್ದೇವೆ.