ಎನ್‌ಎಲ್ ಖಾಲಿ ಸಾಲಿಗೂ ನಂಬರ್ ಹಾಕುತ್ತಿದೆ, ಯಾಕೆ?

ಪ್ರಶ್ನೆ: ಸರ್, ಭಾಮಿನಿ ಷಟ್ಪದಿಯ ಕಾವ್ಯವೊಂದರ ಕರಡು ತಿದ್ದಲು ಸಾಲುಗಳಿಗೆ ನಂಬರ್ ಬೇಕು. ಆರು ಸಾಲಿನ ಪದ್ಯ, ಆಮೇಲೆ ಒಂದು ಖಾಲಿ ಸಾಲು, ಹೀಗೆ ಎರಡು ಫೈಲ್ ಇವೆ. ಡೆಬಿಯನ್ ಲಿನಕ್ಸ್‌ನಲ್ಲಿ ಸಾಲಿಗೆ ನಂಬರ್ ಹಾಕುವ ಎನ್‌ಎಲ್ ಕಮಾಂಡ್ ಕೊಟ್ಟರೆ ಮೊದಲ ಫೈಲಿನ ಖಾಲಿ ಸಾಲುಗಳನ್ನು ಬಿಟ್ಟು ಎಣಿಸುತ್ತದೆ. ಎರಡನೆಯದರಲ್ಲಿ 7 ಖಾಲಿ ಸಾಲಿಗೆ ಬಿದ್ದು, ಎರಡನೇ ಪದ್ಯ 8ರಿಂದ ಶುರುವಾಗುತ್ತದೆ. ಕಮಾಂಡ್ ಒಂದೇ. ತಪ್ಪು ಎಲ್ಲಿದೆ?

ಉತ್ತರ: ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕಕ್ಷರ. ಎನ್ ಆದ ಮೇಲಿನದು ಎಲ್ ಅಕ್ಷರ, 1 ಎಂಬ ಅಂಕಿ ಅಲ್ಲ. ಕೆಲವು ಫಾಂಟುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಎರಡನೇ ಫೈಲ್ ವಿಂಡೋಸ್‌ನಿಂದ ಬಂದಿರಬೇಕು. ಏನೂ ಆಪ್ಷನ್ ಕೊಡದಿದ್ದರೆ ಎನ್‌ಎಲ್ '-ಬಿ ಟಿ' ಎಂದೇ ತಿಳಿಯುತ್ತದೆ, ಅಂದರೆ ಖಾಲಿಯಲ್ಲದ ಸಾಲಿಗೆ ಮಾತ್ರ ನಂಬರ್. ಆದರೆ ಅದರ ಲೆಕ್ಕದಲ್ಲಿ ಖಾಲಿ ಎಂದರೆ ಒಂದು ಬೈಟೂ ಇಲ್ಲದ ಸಾಲು. ವಿಂಡೋಸ್ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೆ ನ್ಯೂಲೈನ್‌ಗೆ (ಸಾಲು ಮುಗಿಸುವ ಗುರುತು) ಮುಂಚೆ ಕ್ಯಾರಿಯೇಜ್ ರಿಟರ್ನ್ ಎಂಬ ಇನ್ನೊಂದು ಬೈಟ್ ಕೂತಿರುತ್ತದೆ. ಕಣ್ಣಿಗೆ ಖಾಲಿ, ಎನ್‌ಎಲ್‌ಗೆ ತುಂಬಿದ ಸಾಲು. ಬರೀ ಸ್ಪೇಸ್ ಅಥವಾ ಟ್ಯಾಬ್ ಉಳಿದ ಸಾಲಿನ ಕಥೆಯೂ ಇದೇ. ಖಾಲಿ ಬಿಟ್ಟು ಎಣಿಸುವ ಇನ್ನೊಂದು ಕಮಾಂಡ್ 'ಕ್ಯಾಟ್ -ಬಿ' ಬಳಸಿದರೂ ತಪ್ಪಿಸಿಕೊಳ್ಳಲಾಗದು.

ಖಾತ್ರಿ ಮಾಡಿಕೊಳ್ಳಲು 'ಕ್ಯಾಟ್ -ಎ ಪದ್ಯ2' ಕೊಡಿ (ಈ ಒಂದು ಎ ಮಾತ್ರ ದೊಡ್ಡಕ್ಷರ). ಕನ್ನಡ ಅಕ್ಷರಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ, ಗಾಬರಿ ಬೇಡ. ಖಾಲಿ ಸಾಲನ್ನಷ್ಟೇ ನೋಡಿ. ಬರೀ '$' ಇದ್ದರೆ ನಿಜವಾಗಿ ಖಾಲಿ. '^ಎಂ$' ಇದ್ದರೆ ಕ್ಯಾರಿಯೇಜ್ ರಿಟರ್ನ್ ಸಿಕ್ಕಿಬಿತ್ತು.

ಕ್ಯಾರಿಯೇಜ್ ರಿಟರ್ನ್ ತೆಗೆಯುವ 'ಡಾಸ್2ಯುನಿಕ್ಸ್ ಪದ್ಯ2' ಕೊಟ್ಟರೆ ಅದೇ ಫೈಲಿನಲ್ಲೇ ಸರಿಯಾಗುತ್ತದೆ. ಆ ಕಮಾಂಡ್ ಇಲ್ಲದಿದ್ದರೆ ಡೆಬಿಯನ್‌ಗೆ ಸಾಫ್ಟ್‌ವೇರ್ ಹಾಕುವ ಆಪ್ಟ್‌ನಲ್ಲಿ ಹಾಕಿಕೊಳ್ಳಿ. ಫೈಲ್ ಮುಟ್ಟುವಂತಿಲ್ಲ ಎಂದಾದರೆ ಹೀಗೆ:

ಎನ್‌ಎಲ್ -ಬಿ 'ಪಿ[^[:ಸ್ಪೇಸ್:]]' ಪದ್ಯ2

ಪಿ ಎಂದರೆ ಮುಂದೆ ಕೊಟ್ಟ ಪ್ಯಾಟರ್ನ್ ಸಿಕ್ಕ ಸಾಲಿಗೆ ಮಾತ್ರ ನಂಬರ್. ಇಲ್ಲಿನ ಪ್ಯಾಟರ್ನ್ 'ಸ್ಪೇಸ್ ಜಾತಿಗೆ ಸೇರದ ಒಂದಾದರೂ ಅಕ್ಷರ'. ಕ್ಯಾರಿಯೇಜ್ ರಿಟರ್ನ್, ಟ್ಯಾಬ್ ಎರಡೂ ಸ್ಪೇಸ್ ಜಾತಿಯವೇ, ಹಾಗಾಗಿ ಮೂರು ತೊಂದರೆಗೂ ಒಂದೇ ಮದ್ದು. ಪಿ ಮತ್ತು ಪ್ಯಾಟರ್ನ್ ನಡುವೆ ಜಾಗ ಬಿಡಬೇಡಿ. ಕೋಟ್ ಬಿಟ್ಟರೆ ಆ ಚೌಕ ಬ್ರಾಕೆಟ್ಟುಗಳನ್ನು ಫೈಲ್ ಹೆಸರಿನ ಪ್ಯಾಟರ್ನ್ ಎಂದು ಕಮಾಂಡುಗಳನ್ನು ನಡೆಸುವ ಶೆಲ್ ತಾನೇ ಓದಿಕೊಳ್ಳುತ್ತದೆ.

ಮರುಪ್ರಶ್ನೆ: ಸರಿಹೋಯಿತು ಸರ್. ಆದರೆ ನಾನು 'ಸಾಲು 40 ನೋಡಿ' ಎಂದರೆ ಜೊತೆಯವರು ಎಡಿಟರಿನಲ್ಲಿ ಬೇರೆ ಸಾಲು ತೆರೆಯುತ್ತಾರೆ.

ಉತ್ತರ: ಎಡಿಟರ್ ಖಾಲಿ ಸಾಲನ್ನೂ ಎಣಿಸುತ್ತದೆ. ಆರು ಸಾಲಿಗೊಂದು ಖಾಲಿ ಇದ್ದರೆ ನಿಮ್ಮ 40 ಅವರಿಗೆ 46. ಕರಡು ತಿದ್ದುವವರ ಮಧ್ಯೆ ಓಡಾಡುವ ನಂಬರಿಗೆ 'ಎನ್‌ಎಲ್ -ಬಿ ಎ' ಅಥವಾ 'ಕ್ಯಾಟ್ -ಎನ್' ಬಳಸಿ, ಎಡಿಟರಿಗೂ, ಪದ ಹುಡುಕಿ ಸಾಲಿನ ನಂಬರ್ ತೋರಿಸುವ ಗ್ರೆಪ್ -ಎನ್‌ಗೂ ತಾಳೆಯಾಗುತ್ತದೆ. ಖಾಲಿ ಬಿಟ್ಟ ಎಣಿಕೆ ಅಚ್ಚಿಗೆ ಹೋಗುವ ಪ್ರತಿಗೆ ಇರಲಿ. ಒಂದೇ ಕಡತದಲ್ಲಿ ಎರಡನ್ನೂ ಬೆರೆಸಿದರೆ ಗಲಾಟೆ ಖಂಡಿತ.

ಎರಡನೇ ಫೈಲಿನ ಎಣಿಕೆ 601ರಿಂದ ಮುಂದುವರಿಯಬೇಕಾದರೆ '-ವಿ 601'. ಅಂಕಿಯ ಜಾಗ ಮಾಮೂಲಿ 6 ಅಕ್ಷರ, ಅದನ್ನು '-ಡಬ್ಲ್ಯು 4' ಎಂದು ಕುಗ್ಗಿಸಬಹುದು. 0001 ಥರ ಸೊನ್ನೆ ತುಂಬಲು '-ಎನ್ ಆರ್‌ಝಡ್'.

ಇನ್ನೊಬ್ಬರ ಸೇರ್ಪಡೆ: ಎರಡೂ ಫೈಲ್ ಒಟ್ಟಿಗೆ ಕೊಟ್ಟರೆ ಲಿನಕ್ಸ್‌ನ ಗ್ನು ಎನ್‌ಎಲ್ ಒಂದೇ ಕಡತದಂತೆ ಎಣಿಕೆ ಮುಂದುವರಿಸುತ್ತದೆ, -ವಿ ಬೇಕಿಲ್ಲ. ಮ್ಯಾಕ್‌ನ ಎನ್‌ಎಲ್ ಒಂದೇ ಫೈಲ್ ತೆಗೆದುಕೊಳ್ಳುತ್ತದೆ. ಅಲ್ಲಿ 'ಕ್ಯಾಟ್ ಪದ್ಯ1 ಪದ್ಯ2 | ಎನ್‌ಎಲ್'. ಮತ್ತೆ, ಯಾರೂ 'ಎನ್‌ಎಲ್ ಪದ್ಯ > ಪದ್ಯ' ಎಂದು ಬರೆಯಬೇಡಿ. ಎನ್‌ಎಲ್ ಓದಲು ಶುರುಮಾಡುವ ಮೊದಲೇ ಶೆಲ್ ಆ ಫೈಲನ್ನು ಬರಿದು ಮಾಡಿರುತ್ತದೆ, ಉಳಿಯುವುದು ಸೊನ್ನೆ ಬೈಟ್.

ಮರುಪ್ರಶ್ನೆ: ಅಚ್ಚಿನ ಪ್ರತಿಗೆ ಕನ್ನಡ ಅಂಕಿ ಬೇಕು ಮೇಡಂ. ಅಕ್ಷರ ಬದಲಿಸುವ ಕಮಾಂಡ್ 'ಟಿಆರ್ 0-9 ೦-೯' ಕೊಟ್ಟೆ, ಅಂಕಿ ಬರಲೇ ಇಲ್ಲ.

ಉತ್ತರ (ಸೇರ್ಪಡೆ ಬರೆದವರು): ಗ್ನು ಟಿಆರ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ೦ ಒಂದಕ್ಕೇ ಮೂರು ಬೈಟ್. ಹತ್ತೂ ಅಂಕಿಗಳನ್ನು ಬಿಡಿಸಿ ಬರೆದು ಕೊಟ್ಟರೂ 0ಗೆ ೦ದ ಮೊದಲ ಬೈಟ್, 1ಕ್ಕೆ ಎರಡನೆಯದು, 2ಕ್ಕೆ ಮೂರನೆಯದು ಹಂಚಿಹೋಗಿ ಎಲ್ಲ ಮುರಿದ ಅಕ್ಷರಗಳಾಗುತ್ತವೆ. ಪಠ್ಯ ತಿದ್ದುವ ಸೆಡ್ ಎಂಬ ಕಮಾಂಡಿನೊಳಗಿನ 'ವೈ' ಆದರೆ ಅಕ್ಷರ ಲೆಕ್ಕದಲ್ಲೇ ಬದಲಿಸುತ್ತದೆ. ಆದರೆ ಅದನ್ನು ಇಡೀ ಸಾಲಿನ ಮೇಲೆ ಬಿಟ್ಟರೆ ಪಠ್ಯದೊಳಗಿನ ಅಂಕಿಗಳೂ ಬದಲಾಗುತ್ತವೆ. ಆದ್ದರಿಂದ ನಂಬರ್ ಕಾಲಮನ್ನು ಬೇರೆ ಮಾಡಿ, ಬದಲಿಸಿ, ಮತ್ತೆ ಅಂಟಿಸಬೇಕು:

ಎನ್‌ಎಲ್ ಪದ್ಯ | ಕಟ್ -ಎಫ್1 | ಸೆಡ್ 'ವೈ/0123456789/೦೧೨೩೪೫೬೭೮೯/' | ಪೇಸ್ಟ್ - ಪದ್ಯ > ಅಚ್ಚು

ನಂಬರಿಗೂ ಸಾಲಿಗೂ ಮಧ್ಯೆ ಎನ್‌ಎಲ್ ಒಂದು ಟ್ಯಾಬ್ ಇಡುತ್ತದೆ, ಕಟ್ ಅದರ ಎಡಭಾಗವನ್ನು ಮಾತ್ರ ಎತ್ತಿಕೊಳ್ಳುತ್ತದೆ. ಪೇಸ್ಟ್ ಮುಂದಿನ ಒಂಟಿ ಹೈಫನ್ ಎಂದರೆ ಪೈಪಿನಿಂದ ಬಂದದ್ದು. ಫೈಲಿಗೆ ಮೊದಲು ಡಾಸ್2ಯುನಿಕ್ಸ್ ಹೊಡೆದಿರಬೇಕು. 'ವೈ ಕಮಾಂಡಿನ ಉದ್ದ ಬೇರೆ ಬೇರೆ' ಎಂಬ ಅರ್ಥದ ಎರರ್ ಬಂದರೆ ನಿಮ್ಮ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಬರೀ ಸಿ ಎಂದಿದೆ, 10 ಬೈಟಿಗೂ 30 ಬೈಟಿಗೂ ಹೊಂದುತ್ತಿಲ್ಲ. ಯುಟಿಎಫ್-8 ಇರುವ ಯಾವ ಲೊಕೇಲ್ ಆದರೂ ನಡೆಯುತ್ತದೆ, ಕನ್ನಡದ್ದೇ ಬೇಕೆಂದಿಲ್ಲ.

ಮರುಪ್ರಶ್ನೆ: ತಿದ್ದಿದವರು ನಂಬರ್ ಇರುವ ಪ್ರತಿಯಲ್ಲೇ ತಿದ್ದಿ ಕಳಿಸಿದ್ದಾರೆ. ನಂಬರ್ ಕಿತ್ತುಹಾಕುವುದು ಹೇಗೆ?

ಉತ್ತರ: 'ಕಟ್ -ಎಫ್2-'. ಕೊನೆಯ ಹೈಫನ್ ಬಿಟ್ಟರೆ ಸಾಲಿನೊಳಗೆ ಟ್ಯಾಬ್ ಇದ್ದಲ್ಲಿ ಅದರಾಚೆಯ ಪಠ್ಯ ಹೋಗುತ್ತದೆ. ಇದರಲ್ಲಿ ಒಂದು ತೊಡಕು ಇದೆ. ನಂಬರ್ ಹಾಕದ ಸಾಲಿನಲ್ಲಿ ಎನ್‌ಎಲ್ ಟ್ಯಾಬ್ ಇಡುವುದಿಲ್ಲ, 7 ಸ್ಪೇಸ್ ಇಡುತ್ತದೆ. ಟ್ಯಾಬ್ ಇಲ್ಲದ ಸಾಲನ್ನು ಕಟ್ ಹಾಗೇ ದಾಟಿಸುತ್ತದೆ. ಹೀಗೆ ಕಿತ್ತ ಫೈಲಿಗೆ ಮತ್ತೆ ಎನ್‌ಎಲ್ ಕೊಟ್ಟರೆ ಆ 7 ಸ್ಪೇಸಿನ ಸಾಲಿಗೂ ನಂಬರ್ ಬಿದ್ದು, ನಿಮ್ಮ ಮೊದಲ ಪ್ರಶ್ನೆಗೇ ವಾಪಸ್. ಮೇಡಂ ಕೊಟ್ಟ ಪೇಸ್ಟ್ ವಿಧಾನದ ಪ್ರತಿಯಲ್ಲಿ ಖಾಲಿ ಸಾಲಿಗೂ ಟ್ಯಾಬ್ ಇರುತ್ತದೆ, ಅದನ್ನು ಕಟ್ ಶುದ್ಧವಾಗಿ ಬಿಡಿಸುತ್ತದೆ. ಎನ್‌ಎಲ್‌ನಿಂದ ನೇರ ಬಂದ ಪ್ರತಿಯಾದರೆ, ಮುಂದಿನ ಸಲ ಆ ಪಿ ಪ್ಯಾಟರ್ನ್ ಸೇರಿಸಿಯೇ ಎಣಿಸಿ.